‘ಎರಡು ವಾರ ಇಟ್ಟುಕೊಂಡು ನೋಡೋಣ’: ಒಂದು ಹಳೆಯ ಹಾಲಿವುಡ್ ಹಾಸ್ಯಚಿತ್ರ ಮತ್ತು ಒಂಬತ್ತು ವರ್ಷದ ಮಗಳ ಪ್ರಶ್ನೆ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ನಮ್ಮ ಮಗಳು ಐದೂವರೆ ವರ್ಷದವಳಿದ್ದಾಗ ದತ್ತುವಿನ ಮೂಲಕ ನಮ್ಮ ಮನೆಗೆ ಬಂದಳು. ಈಗ ಅವಳಿಗೆ ಒಂಬತ್ತು. ವಿಷಯ ಅವಳಿಗೆ ಗೊತ್ತಿದೆ, ಆದರೆ ಮನೆಯಲ್ಲಿ ಅದರ ಮಾತು ಕಡಿಮೆ. ನನ್ನ ಪತಿಗೆ ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾಗಳ ಹುಚ್ಚು. ಹೋದ ತಿಂಗಳು ಕ್ಯಾರಿ ಗ್ರಾಂಟ್ ನಟಿಸಿದ ‘ರೂಮ್ ಫಾರ್ ಒನ್ ಮೋರ್’ ಎಂಬ ಹಾಸ್ಯಚಿತ್ರವನ್ನು ಮೂವರೂ ಕೂತು ನೋಡಿದೆವು. ಅನಾಥಾಲಯದ ಮಕ್ಕಳನ್ನು ಮನೆಗೆ ಕರೆತರುವ ಕುಟುಂಬದ ಕಥೆ, ಮಗಳಿಗೂ ಹಿಡಿಸೀತು ಎಂದುಕೊಂಡಿದ್ದೆವು. ಪತಿ ನಡುನಡುವೆ ಕನ್ನಡದಲ್ಲಿ ಹೇಳುತ್ತಿದ್ದರು. ಮೊದಲು ನಗುತ್ತಿದ್ದ ಮಗಳು, ಚಿತ್ರದ ಹುಡುಗಿಯೊಬ್ಬಳನ್ನು ಎರಡು ವಾರದ ಮಟ್ಟಿಗೆ ಕರೆತರುವ ಮಾತು ಬಂದಾಗಿನಿಂದ ಸುಮ್ಮನಾದಳು. ರಾತ್ರಿ ಮಲಗುವಾಗ, “ಅಮ್ಮ, ನನ್ನೂ ಹಂಗ ವಾಪಸ್ ಕಳಸ್ತೀರೇನು?” ಎಂದು ಕೇಳಿದಳು. “ಹುಚ್ಚಿ, ಹಂಗೆಲ್ಲಾ ಮಾತಾಡಬಾರದು” ಎಂದು ತಬ್ಬಿಕೊಂಡು ಮಲಗಿಸಿದೆ. ಅಂದಿನಿಂದ ಕೋಣೆಯ ದೀಪ ಆರಿಸಲು ಬಿಡುತ್ತಿಲ್ಲ, ಸಣ್ಣದಕ್ಕೆಲ್ಲ ಸಿಟ್ಟು. ಮೊನ್ನೆ ಅವಳ ತಂದೆಯ ಕನ್ನಡಕವನ್ನು ಬೇಕೆಂದೇ ಮುರಿದಳು. ಅತ್ತೆಯವರು “ಹಳೇದೆಲ್ಲ ಯಾಕ ಕೆದಕಿದ್ರಿ, ಸುಮ್ಮನಿದ್ರ ಮರೀತಾಳ” ಎನ್ನುತ್ತಾರೆ. ನಾವು ಮಾಡಿದ್ದು ತಪ್ಪೇ? ಸಿನಿಮಾದಲ್ಲಿ ತೋರಿಸಿದಂತೆ ಪ್ರೀತಿಯೊಂದರಿಂದಲೇ ಎಲ್ಲ ಸರಿಹೋಗುತ್ತದೆಯೇ? ಇನ್ನೊಂದು ದೊಡ್ಡ ಮಗುವನ್ನು ದತ್ತು ಪಡೆಯುವ ಆಸೆ ನಮಗಿತ್ತು; ಅದನ್ನು ಕೈಬಿಡಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿದ್ದರೂ ಮಗಳು ಕೇಳಿದ ಒಂದೇ ಪ್ರಶ್ನೆ ಅವುಗಳಿಗಿಂತ ದೊಡ್ಡದು, ಮತ್ತು ಅದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ತಬ್ಬಿಕೊಂಡದ್ದು ಸರಿಯೇ. ಆದರೆ ‘ಹಾಗೆ ಮಾತಾಡಬಾರದು’ ಎಂಬುದು ‘ಇಲ್ಲ, ಕಳಿಸುವುದಿಲ್ಲ’ ಎಂಬ ಉತ್ತರವಲ್ಲ. ಈ ವಿಷಯವನ್ನು ಈ ಮನೆಯಲ್ಲಿ ಕೇಳುವಂತಿಲ್ಲ ಎಂದು ಮಗುವಿಗೆ ಅದು ಕೇಳಿಸುವ ಸಾಧ್ಯತೆಯೇ ಹೆಚ್ಚು. ದತ್ತು ಕುಟುಂಬಗಳೊಂದಿಗೆ ಆಪ್ತಸಮಾಲೋಚಕನಾಗಿ ಕೆಲಸ ಮಾಡುತ್ತ ಬಂದಿರುವ ನನಗೆ, ಬಾಯಿ ಬಿಟ್ಟು ಕೇಳಿದ ಮಗುವಿಗಿಂತ ಕೇಳದೆ ಉಳಿದ ಮಗುವಿನ ಬಗ್ಗೆಯೇ ಆತಂಕ ಹೆಚ್ಚು. ಆ ದೃಷ್ಟಿಯಿಂದ ಸಿನಿಮಾ ನಿಮಗೆ ಕೇಡು ಮಾಡಿಲ್ಲ. ಮೂರೂವರೆ ವರ್ಷದಿಂದ ಅವಳೊಳಗಿದ್ದ ಪ್ರಶ್ನೆಗೆ ಅದು ಮಾತು ಕೊಟ್ಟಿತು, ಅಷ್ಟೆ.

ಹಾಗೆಂದು ಸಿನಿಮಾ ತೋರಿಸಿದ್ದನ್ನೆಲ್ಲ ಒಪ್ಪಿಕೊಳ್ಳಬೇಕಿಲ್ಲ. ನಾನೂ ಆ ಚಿತ್ರವನ್ನು ಹಲವು ಸಲ ನೋಡಿದ್ದೇನೆ, ಇಷ್ಟಪಡುತ್ತೇನೆ, ಅದರೊಂದಿಗೆ ಜಗಳವನ್ನೂ ಆಡುತ್ತೇನೆ. 1952ರಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆ ಬಿಡುಗಡೆ ಮಾಡಿದ, ನಾರ್ಮನ್ ಟಾರೋಗ್ ನಿರ್ದೇಶಿಸಿದ ಈ ಚಿತ್ರಕ್ಕೆ ಮೂಲ, ಆ್ಯನಾ ಪೆರಟ್ ರೋಸ್ ಎಂಬ ಅಮೆರಿಕನ್ ಮಹಿಳೆ ತಮ್ಮದೇ ಮನೆಯ ಕಥೆಯನ್ನು ಬರೆದು 1950ರಲ್ಲಿ ಪ್ರಕಟಿಸಿದ ಪುಸ್ತಕ. ಮೂವರು ಮಕ್ಕಳ ತಾಯಿಯಾದ ಆ್ಯನಾ ಮೊದಲು ಜೇನ್ ಎಂಬ ಹದಿಮೂರರ ಹುಡುಗಿಯನ್ನು, ಆಮೇಲೆ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುವ, ಮಹಾ ಕೋಪಿಷ್ಠ ಜಿಮ್ಮಿ-ಜಾನ್‌ನನ್ನು ಮನೆಗೆ ತರುತ್ತಾಳೆ. ನಗರದ ಎಂಜಿನಿಯರ್ ಆಗಿರುವ ಗಂಡ ಗೊಣಗುತ್ತ ಗೊಣಗುತ್ತಲೇ ಇಬ್ಬರಿಗೂ ತಂದೆಯಾಗುತ್ತಾನೆ. ಗಂಡ-ಹೆಂಡತಿಗೆ ಒಂದು ಗಳಿಗೆಯೂ ಏಕಾಂತ ಸಿಗದಿರುವುದೇ ಚಿತ್ರದುದ್ದಕ್ಕೂ ಓಡುವ ಹಾಸ್ಯ. ಆ ಪಾತ್ರಗಳನ್ನು ಮಾಡಿದ ಕ್ಯಾರಿ ಗ್ರಾಂಟ್ ಮತ್ತು ಬೆಟ್ಸಿ ಡ್ರೇಕ್ ಆಗ ನಿಜಜೀವನದಲ್ಲೂ ದಂಪತಿಗಳಾಗಿದ್ದುದರಿಂದ ಆ ಸಲಿಗೆ ಪರದೆಯ ಮೇಲೆ ಸಹಜವಾಗಿ ಕಾಣುತ್ತದೆ.

ಆ ಕಾಲದ ಅಮೆರಿಕವನ್ನು ನೆನೆದರೆ ಚಿತ್ರದ ಧೈರ್ಯ ತಿಳಿಯುತ್ತದೆ. ದತ್ತು ಬೇಡುವವರಿಗೆ ಬೇಕಿದ್ದುದು ಹಸುಗೂಸು, ಅದರಲ್ಲೂ ಬಿಳಿಯ, ಆರೋಗ್ಯವಂತ ಹಸುಗೂಸು. ಹತ್ತು ದಾಟಿದ ಮಕ್ಕಳು, ಅಂಗವೈಕಲ್ಯವುಳ್ಳವರು, ಮಿಶ್ರ ಜನಾಂಗದವರು ‘ದತ್ತುವಿಗೆ ಹೊಂದದವರು’ ಎಂಬ ಪಟ್ಟಿಗೆ ಸೇರಿಬಿಡುತ್ತಿದ್ದರು. ಲೇಖಕಿ ಪರ್ಲ್ ಬಕ್ 1949ರಲ್ಲಿ ‘ವೆಲ್‌ಕಮ್ ಹೌಸ್’ ಎಂಬ ದತ್ತು ಸಂಸ್ಥೆಯನ್ನು ಕಟ್ಟಿದ್ದೇ ಏಷ್ಯಾ ಮೂಲದ ಮಿಶ್ರ ಮಕ್ಕಳಿಗೆ ಯಾವ ಸಂಸ್ಥೆಯೂ ಮನೆ ಹುಡುಕಲು ಮುಂದಾಗದ ಕಾರಣಕ್ಕೆ. ಕಾಲಿನ ಕಬ್ಬಿಣದ ಪಟ್ಟಿಯೂ ಆಗಿನ ಪ್ರೇಕ್ಷಕರಿಗೆ ಬರಿಯ ವೇಷಭೂಷಣವಾಗಿರಲಿಲ್ಲ: ಅದೇ 1952ರಲ್ಲಿ ಅಮೆರಿಕದಲ್ಲಿ ಸುಮಾರು 58,000 ಜನರಿಗೆ ಪೋಲಿಯೊ ತಗುಲಿತ್ತು, ಲಸಿಕೆ ಬರಲು ಇನ್ನೂ ಮೂರು ವರ್ಷ ಕಾಯಬೇಕಿತ್ತು. ವಿಚ್ಛೇದಿತ ತಂದೆತಾಯಿಗಳಿಬ್ಬರಿಗೂ ಬೇಡವಾಗಿ ಪ್ರಾಣ ಕಳೆದುಕೊಳ್ಳಲು ಹೋಗಿದ್ದ ಹುಡುಗಿಯನ್ನು ಒಂದು ಕೌಟುಂಬಿಕ ಹಾಸ್ಯಚಿತ್ರದ ನಡುವೆ ತಂದು ಕೂರಿಸಿ, ಅವಳನ್ನು ಕನಿಕರದ ಗೊಂಬೆಯಾಗಿಸದೆ ಸಿಡುಕಿನ ಹುಡುಗಿಯಾಗಿಯೇ ತೋರಿಸಿದ್ದು ಸಣ್ಣ ಮಾತಲ್ಲ.

ಚಿತ್ರ ಸುಳ್ಳಾಡುವುದು ಕಾಲದ ವಿಷಯದಲ್ಲಿ. ಒಂದೂವರೆ ಗಂಟೆಯ ಹಾಸ್ಯಚಿತ್ರದಲ್ಲಿ ಯಾವ ಕಷ್ಟವೂ ಹತ್ತು ನಿಮಿಷಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಮಗು ಕೆರಳಬೇಕು, ದೊಡ್ಡವರು ತಾಳ್ಮೆ ತೋರಬೇಕು, ಒಂದು ನಗೆಯ ಮಾತು ಬರಬೇಕು, ಮಗು ಕರಗಬೇಕು. ನಾನು ಕಂಡ ಮನೆಗಳಲ್ಲಿ ಇದು ತಿರುವುಮುರುವಾಗಿ ನಡೆಯುತ್ತದೆ. ದೊಡ್ಡ ವಯಸ್ಸಿನಲ್ಲಿ ಬಂದ ಮಗು ಮೊದಲ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ತುಂಬ ಒಳ್ಳೆಯ ಮಗುವಾಗಿರುತ್ತದೆ: ತಟ್ಟೆ ತಾನೇ ತೊಳೆಯುತ್ತದೆ, ಕೇಳದೆ ಏನನ್ನೂ ಮುಟ್ಟುವುದಿಲ್ಲ, ಬಂದ ನೆಂಟರು ಎಷ್ಟು ಬೇಗ ಹೊಂದಿಕೊಂಡಿತಲ್ಲ ಎಂದು ಹೊಗಳುತ್ತಾರೆ. ಆ ಮಗು ಹೊಂದಿಕೊಂಡಿರುವುದಿಲ್ಲ, ಅತಿಥಿಯಂತೆ ನಡೆದುಕೊಳ್ಳುತ್ತಿರುತ್ತದೆ. ಇಲ್ಲಿ ಉಳಿಯಬಹುದೇನೋ ಎಂಬ ಆಸೆ ಹುಟ್ಟಿದ ಮೇಲೆ ರಂಪ ಶುರುವಾಗುತ್ತದೆ, ಏಕೆಂದರೆ ಕಳೆದುಕೊಳ್ಳಲು ಏನಾದರೂ ಇದ್ದಾಗಲೇ ಭಯ ಬರುವುದು. ‘ಹೇಗಿದ್ದರೂ ಕಳಿಸುತ್ತಾರೆ, ಹಾಗಿದ್ದರೆ ಈಗಲೇ ಕಳಿಸಲಿ, ನೋಡಿಯೇಬಿಡೋಣ’ ಎಂಬ ಲೆಕ್ಕ ಅದರದು. ಆ ಲೆಕ್ಕ ಹಾಕುತ್ತಿದ್ದೇನೆಂಬುದು ಮಗುವಿಗೂ ಗೊತ್ತಿರುವುದಿಲ್ಲ. ನಿಮ್ಮ ಮನೆಯಲ್ಲಿ ಮುರಿದದ್ದು ಯಾರೋ ನೆರೆಯವರ ಹೂಕುಂಡವಲ್ಲ, ತಂದೆ ದಿನವೂ ಹಾಕಿಕೊಳ್ಳುವ ಕನ್ನಡಕ ಎಂಬುದನ್ನು ಗಮನಿಸಿ. ಯಾವ ವಸ್ತು ಮುರಿದರೆ ಅಪ್ಪನಿಗೆ ನಿಜವಾಗಿ ನೋಯುತ್ತದೆಂದು ಅವಳಿಗೆ ಗೊತ್ತಿತ್ತು.

ಇಂಥ ವರ್ತನೆಯನ್ನು ಕಂಡಾಗ ನಮ್ಮಲ್ಲಿ ‘ರಕ್ತದ ಗುಣ’ ಎಂಬ ಮಾತು ಬೇಗ ಬಾಯಿಗೆ ಬರುತ್ತದೆ. ನಿಮ್ಮ ಪತ್ರದಲ್ಲಿ ಅದು ಇಲ್ಲ, ಆದರೆ ಬಂಧುಗಳಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಅದು ಮಿಥ್ಯೆ. ನೋಡಿಕೊಳ್ಳುವ ಕೈಗಳು ಮತ್ತೆಮತ್ತೆ ಬದಲಾದ ಮಗುವಿನ ದೇಹ ಅಪಾಯವನ್ನು ಮೊದಲೇ ಊಹಿಸಿ ಎಚ್ಚರವಾಗಿರುವುದನ್ನು ಕಲಿತಿರುತ್ತದೆ. ಕತ್ತಲೆ, ಬಾಗಿಲ ಸದ್ದು, ದೊಡ್ಡವರ ಪಿಸುಮಾತು, ಕೈಯಲ್ಲಿ ಕಡತ ಹಿಡಿದ ಅಪರಿಚಿತರು, ಇವೆಲ್ಲ ಅದಕ್ಕೆ ಮುನ್ಸೂಚನೆಗಳು. ನನ್ನ ಬಳಿ ಬಂದಿದ್ದ ಒಂದು ಹುಡುಗಿ, ಮನೆಗೆ ಬಂದು ಎರಡು ವರ್ಷವಾದರೂ, ರಾತ್ರಿ ಮಲಗುವ ಮುಂಚೆ ಶಾಲೆಯ ಚೀಲದಲ್ಲಿ ಒಂದು ಜೊತೆ ಬಟ್ಟೆ ಮಡಚಿಟ್ಟು, ಚಪ್ಪಲಿಯನ್ನು ಮಂಚದ ಕೆಳಗೆ ಬಾಗಿಲ ಕಡೆಗೆ ಮುಖ ಮಾಡಿ ಇಡುತ್ತಿದ್ದಳು. ತಾಯಿ ಅದನ್ನು ಅಚ್ಚುಕಟ್ಟುತನ ಎಂದುಕೊಂಡಿದ್ದರು. ಚೀಲ ಯಾಕೆ ಎಂದು ಕೇಳಿದಾಗ, “ಹೋದ ಸಲ ಬಟ್ಟೆ ತಗೊಳ್ಳೋಕೆ ಆಗಿರಲಿಲ್ಲ” ಎಂದಳು.

ನಿಮ್ಮ ಮಗಳು ಎರಡು ವಾರದ ಮಾತಿಗೇ ಮೌನವಾಗಲು ಇನ್ನೊಂದು ಕಾರಣವೂ ಇದ್ದೀತು. ಚಿತ್ರದಲ್ಲಿ ಜೇನ್ ಬರುವುದು ದತ್ತು ಮಗಳಾಗಿ ಅಲ್ಲ, ಫಾಸ್ಟರ್ ಕೇರ್ ವ್ಯವಸ್ಥೆಯಲ್ಲಿ. ಎಂದರೆ, ಸಂಸ್ಥೆ ಮಗುವಿನ ಮೇಲಿನ ಅಧಿಕಾರವನ್ನು ತನ್ನಲ್ಲೇ ಇಟ್ಟುಕೊಂಡು, ಒಂದು ಕುಟುಂಬದಲ್ಲಿ ತಾತ್ಕಾಲಿಕವಾಗಿ ಬೆಳೆಯಲು ಬಿಡುವ ಕ್ರಮ. ಅಮೆರಿಕದಲ್ಲಿ ಇದಕ್ಕೆ ಹಳೆಯ ಬೇರುಗಳಿವೆ: 1854ರಿಂದ 1929ರವರೆಗೆ ಪೂರ್ವ ಕರಾವಳಿಯ ನಗರಗಳಿಂದ ಸುಮಾರು ಎರಡು ಲಕ್ಷ ಮಕ್ಕಳನ್ನು ರೈಲು ಹತ್ತಿಸಿ ಪಶ್ಚಿಮದ ಊರುಗಳಿಗೆ ಒಯ್ದು, ಸಭಾಂಗಣಗಳಲ್ಲಿ ಸಾಲಾಗಿ ನಿಲ್ಲಿಸಿ, ಬೇಕಾದವರು ಆರಿಸಿಕೊಳ್ಳಲು ಬಿಡುತ್ತಿದ್ದರು, ಹೊಂದದಿದ್ದರೆ ಹಿಂತಿರುಗಿಸಬಹುದಿತ್ತು. ‘ಇಟ್ಟುಕೊಂಡು ನೋಡೋಣ’ ಎಂಬ ಮಾತು ಆ ಪರಂಪರೆಯಿಂದ ಬಂದದ್ದು. ಅದನ್ನು ಹಾಸ್ಯವಾಗಿ ತೆಗೆದುಕೊಳ್ಳಲು ನಮಗೆ ಸಾಧ್ಯ, ಏಕೆಂದರೆ ನಮ್ಮನ್ನು ಯಾರೂ ಇಟ್ಟುಕೊಂಡು ನೋಡಿಲ್ಲ.

ನಿಮ್ಮ ಮಗಳ ಸ್ಥಿತಿ ಕಾನೂನಿನಲ್ಲಿ ಸಂಪೂರ್ಣ ಬೇರೆ. ಆದರೆ ಅವಳ ನೆನಪಿನಲ್ಲಿ ಬೇರೆಯಾಗಿಯೇ ಇದೆ ಎಂದು ಹೇಳಲಾರೆ. ನಮ್ಮಲ್ಲೂ ದತ್ತು ಆದೇಶ ಬರುವ ಮೊದಲು ಮಗು ಫಾಸ್ಟರ್ ಕೇರ್‌ನ ಹೆಸರಿನಲ್ಲೇ ಭಾವೀ ತಂದೆತಾಯಿಯರ ಮನೆಗೆ ಬರುತ್ತದೆ. ಅಲ್ಲಿಂದ ಎರಡು ವರ್ಷ, ಆರಾರು ತಿಂಗಳಿಗೊಮ್ಮೆ, ದತ್ತು ಸಂಸ್ಥೆ ಮಗು ಹೇಗಿದೆಯೆಂದು ವಿಚಾರಿಸಿ ವರದಿ ಬರೆಯಬೇಕು. ನಿಮಗೆ ಅದು ಕಾಗದಪತ್ರದ ಕೆಲಸವಾಗಿತ್ತು. ಐದೂವರೆ, ಆರು ವರ್ಷದ ಮಗುವಿಗೆ, ಹಿಂದೊಮ್ಮೆ ತನ್ನನ್ನು ಇಲ್ಲಿಗೆ ತಂದುಬಿಟ್ಟ ಸಂಸ್ಥೆಯಿಂದಲೇ ಬಂದು, ಕಾಫಿ ಕುಡಿದು, ತನ್ನನ್ನು ಮೇಲಿಂದ ಕೆಳಗೆ ನೋಡಿ, ಏನೋ ಬರೆದುಕೊಂಡು ಹೋಗುವವರು ಯಾರೆಂದು ಅನಿಸಿರಬಹುದು, ಯೋಚಿಸಿ. ಚಿತ್ರದಲ್ಲೂ ಸಂಸ್ಥೆಯ ಮಹಿಳೆಯೊಬ್ಬರ ಪಾತ್ರವಿದೆ. ಆ ಭೇಟಿಗಳು ಯಾಕಿದ್ದವು, ಯಾಕೆ ನಿಂತವು ಎಂಬುದನ್ನು ಯಾರಾದರೂ ಅವಳಿಗೆ ಹೇಳಿದ್ದಾರೆಯೇ? ಇಲ್ಲವಾದರೆ, ಅವರು ಮತ್ತೆ ಬರುತ್ತಾರೆಂದು ಅವಳು ಇಂದಿಗೂ ಕಾಯುತ್ತಿರಬಹುದು.

ಅತ್ತೆಯವರ ಮಾತಿಗೆ ಬರೋಣ. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿಲ್ಲ. ಮೊಮ್ಮಗಳು ನೋಯಬಾರದೆಂಬ ಆಸೆಯಿದೆ. ಆದರೆ ಹೇಳದಿದ್ದರೆ ಮರೆಯುತ್ತಾಳೆ ಎಂಬುದು ಅನುಭವಕ್ಕೆ ವಿರುದ್ಧ. ಇದಕ್ಕೆ ಉದಾಹರಣೆ ಹುಡುಕಲು ಚಿತ್ರದ ನಾಯಕನನ್ನು ಬಿಟ್ಟು ದೂರ ಹೋಗಬೇಕಿಲ್ಲ. ಕ್ಯಾರಿ ಗ್ರಾಂಟ್ ಎಂಬುದು ಹಾಲಿವುಡ್ ಕೊಟ್ಟ ಹೆಸರು. ಅವರು ಹುಟ್ಟಿದ್ದು 1904ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಆರ್ಚಿಬಾಲ್ಡ್ ಲೀಚ್ ಎಂಬ ಹೆಸರಿನಿಂದ. ಅವರು ಚಿಕ್ಕ ಹುಡುಗನಾಗಿದ್ದಾಗ ಒಂದು ದಿನ ಶಾಲೆಯಿಂದ ಬರುವಷ್ಟರಲ್ಲಿ ತಾಯಿ ಮನೆಯಲ್ಲಿರಲಿಲ್ಲ. ರಜೆಗೆಂದು ಹೋಗಿದ್ದಾಳೆ ಎಂದರು. ಆಮೇಲೆ ಸತ್ತಳೆಂದೂ ಹೇಳಿದರು. ತಂದೆ ಆಕೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು ಮತ್ತು ಆಕೆ ಇನ್ನೂ ಬದುಕಿದ್ದಾಳೆ ಎಂಬುದು ಮಗನಿಗೆ ತಿಳಿದದ್ದು ಮೂವತ್ತು ದಾಟಿ, ಹೆಸರಾಂತ ನಟನಾದ ಮೇಲೆ. ಆ ಮನೆಯ ದೊಡ್ಡವರೂ ‘ಮಗು ನೋಯದಿರಲಿ’ ಎಂದೇ ಸುಳ್ಳು ಹೇಳಿದ್ದಿರಬೇಕು. ಬಿಟ್ಟುಹೋದಳು ಎಂಬ ಭಾವನೆ ಜೀವನವಿಡೀ ತನ್ನ ಸಂಬಂಧಗಳನ್ನು ಬಾಧಿಸಿತೆಂದು ಗ್ರಾಂಟ್ ಅವರೇ ಮುಂದೆ ಹೇಳಿಕೊಂಡರು. ಗೊಣಗುತ್ತಲೇ ಮಕ್ಕಳಿಗೆ ಜಾಗ ಮಾಡಿಕೊಡುವ ಆ ತಂದೆಯ ಪಾತ್ರವನ್ನು ನೋಡುವಾಗ ನನಗೆ ಈ ಹುಡುಗನೇ ಕಣ್ಣಮುಂದೆ ಬರುತ್ತಾನೆ.

ಈಗ ಏನು ಮಾಡಬಹುದು? ಸುಲಭದ ದಾರಿ, ಸಿನಿಮಾ ಮರೆತಂತೆ ನಟಿಸಿ, ದೀಪ ಉರಿಯಲು ಬಿಟ್ಟು, ಕಾಲ ಸರಿಯಲು ಕಾಯುವುದು. ರಂಪ ತಾನಾಗಿ ಇಳಿದೀತು ಕೂಡ. ಆದರೆ ಅದೇ ಪ್ರಶ್ನೆ ಹದಿನಾಲ್ಕರಲ್ಲಿ, ಬಾಗಿಲು ಹಾಕಿಕೊಂಡ ಕೋಣೆಯೊಳಗಿಂದ, ಹೆಚ್ಚು ಕಟುವಾಗಿ ಬರುವ ಅಪಾಯವಿದೆ. ಈ ದಾರಿಯನ್ನು ನಾನು ಹೇಳಲಾರೆ.

ನಾನು ಹೇಳುವುದು, ನೀವೇ ಆ ಮಾತನ್ನು ಮತ್ತೆ ಎತ್ತುವುದು. ಅವಳು ಕೇಳಲೆಂದು ಕಾಯಬೇಡಿ. ಒಮ್ಮೆ ಬಾಗಿಲು ತಟ್ಟಿ ಉತ್ತರ ಸಿಗದ ಮಗು ಇನ್ನೊಮ್ಮೆ ತಟ್ಟುವುದು ಕಡಿಮೆ. ಎದುರುಬದುರು ಕೂರಿಸಿ ಗಂಭೀರ ಸಭೆ ಮಾಡುವುದೂ ಬೇಡ. ತಲೆ ಬಾಚುವಾಗ, ಬಟಾಣಿ ಬಿಡಿಸುವಾಗ, ಸ್ಕೂಟರಿನ ಹಿಂದೆ ಕೂತಿರುವಾಗ, ಮುಖ ನೋಡಬೇಕಿಲ್ಲದ ಹೊತ್ತಿನಲ್ಲಿ ಹೇಳಿ: “ಅವತ್ತು ರಾತ್ರಿ ನೀನು ಒಂದು ಪ್ರಶ್ನೆ ಕೇಳಿದೆ, ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನಿನ್ನನ್ನು ನಾವು ಕಳಿಸುವುದಿಲ್ಲ. ನೀನು ಸಿಟ್ಟು ಮಾಡಿದರೂ ಕಳಿಸುವುದಿಲ್ಲ, ಕನ್ನಡಕ ಮುರಿದರೂ ಕಳಿಸುವುದಿಲ್ಲ.” ಅಷ್ಟು ಹೇಳಿ ನಿಲ್ಲಿಸಿ. ಪ್ರೀತಿಯ ಬಗ್ಗೆ ದೀರ್ಘ ಭಾಷಣ ಮಾಡಿದರೆ ಮಗು ನಿಮ್ಮನ್ನು ಸಮಾಧಾನ ಮಾಡಲು ಶುರುಮಾಡುತ್ತದೆ. ಕನ್ನಡಕ ಮುರಿದುದಕ್ಕೆ ಏನೂ ಇಲ್ಲವೆಂದಲ್ಲ. ಹೊಸದು ತರಲು ಅಂಗಡಿಗೆ ಅಪ್ಪನ ಜೊತೆ ಅವಳೂ ಹೋಗಲಿ. ಮನೆಯಲ್ಲಿ ಉಳಿಯುವುದು ಬೇರೆ, ಮುರಿದದ್ದಕ್ಕೆ ಹೊಣೆ ಹೊರುವುದು ಬೇರೆ ಎಂದು ತಿಳಿಯಲು ಅಂಗಡಿಯ ಆ ಅರ್ಧ ಗಂಟೆ ಸಾಕು.

ಜೊತೆಗೆ ಒಂದು ಕಾಗದವಿದೆ. ನಿಮ್ಮ ಕಡತದಲ್ಲಿ ದತ್ತು ಆದೇಶದ ಪ್ರತಿ ಇರುತ್ತದೆ. 2022ರ ಸೆಪ್ಟೆಂಬರಿಗಿಂತ ಹಿಂದಿನದಾದರೆ ನ್ಯಾಯಾಲಯದ್ದು, ನಂತರದ್ದಾದರೆ ಜಿಲ್ಲಾಧಿಕಾರಿಗಳದ್ದು. 2015ರ ಬಾಲನ್ಯಾಯ ಕಾಯ್ದೆಯ 63ನೇ ಕಲಮಿನ ಪ್ರಕಾರ ಆದೇಶ ಜಾರಿಗೆ ಬಂದ ದಿನದಿಂದ ಅವಳು ಎಲ್ಲ ಅರ್ಥದಲ್ಲೂ ನಿಮ್ಮ ಮಗಳು. ಒಂಬತ್ತು ವರ್ಷದ ಮಗುವಿಗೆ ಕಲಮು ಬೇಡ. ಮುದ್ರೆ, ಸಹಿ, ತನ್ನ ಹೆಸರಿನ ಮುಂದೆ ನಿಮ್ಮಿಬ್ಬರ ಹೆಸರು, ಇವು ಬೇಕು. ಸಂಸ್ಥೆಯವರ ಭೇಟಿ ಮುಗಿದುಹೋದ ವಿಷಯ, ಅವರು ನೋಡಲು ಬರುತ್ತಿದ್ದುದು ನೀವು ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರೋ ಇಲ್ಲವೋ ಎಂಬುದನ್ನು ಎಂಬ ವಿಷಯ, ಆಗಲೇ ಹೇಳಿ. ಪರೀಕ್ಷೆ ನಡೆದದ್ದು ತನಗಲ್ಲ, ಅಪ್ಪ-ಅಮ್ಮನಿಗೆ ಎಂದು ಕೇಳಿ ಖಿಲ್ಲನೆ ನಕ್ಕ ಮಕ್ಕಳನ್ನು ನಾನು ಕಂಡಿದ್ದೇನೆ. ಒಂದು ಎಚ್ಚರ: ಯಾರನ್ನೂ ಎಂದೂ ವಾಪಸು ಕಳಿಸುವುದೇ ಇಲ್ಲ ಎಂದು ಲೋಕದ ಪರವಾಗಿ ಮಾತು ಕೊಡಬೇಡಿ. ದತ್ತು ಮುರಿದುಬೀಳುವುದಕ್ಕೆ ನಮ್ಮ ನಿಯಮಗಳಲ್ಲೇ ಹೆಸರು ಮತ್ತು ಕ್ರಮಗಳಿವೆ; ಸಂಸ್ಥೆಯಲ್ಲಿದ್ದಾಗ ಹೋಗಿ ಹಿಂದಿರುಗಿದ ಗೆಳತಿಯನ್ನು ಅವಳು ಕಂಡಿದ್ದರೆ ನಿಮ್ಮ ಮಾತಿನ ಬೆಲೆ ಅಲ್ಲೇ ಇಳಿಯುತ್ತದೆ. ನಿಮ್ಮ ಮನೆಯ ಮಾತನ್ನಷ್ಟೇ ಕೊಡಿ.

ಸಿನಿಮಾವನ್ನು ಮತ್ತೊಮ್ಮೆ ನೋಡಬಹುದೇ? ಅವಳಾಗಿ ಕೇಳಿದರೆ, ಇಷ್ಟೆಲ್ಲ ಮಾತು ಆದ ಮೇಲೆ, ನೋಡಬಹುದು. ರಿಮೋಟ್ ಅವಳ ಕೈಯಲ್ಲಿರಲಿ. ಆದರೆ ನನ್ನ ದೊಡ್ಡ ತಕರಾರು ಇರುವುದು ಎರಡು ವಾರದ ಮಾತಿನ ಬಗ್ಗೆ ಅಲ್ಲ, ಚಿತ್ರದ ಕೊನೆಯ ಬಗ್ಗೆ. ಓದಲೂ ಬಾರದೆ ಬಂದಿದ್ದ ಜಿಮ್ಮಿ-ಜಾನ್ ಕೊನೆಗೆ ಸ್ಕೌಟ್ ದಳದ ಅತ್ಯುನ್ನತ ಪದವಿಯಾದ ‘ಈಗಲ್ ಸ್ಕೌಟ್’ ಆಗುತ್ತಾನೆ, ಸಭೆಯೆಲ್ಲ ಕಣ್ಣೊರೆಸಿಕೊಳ್ಳುತ್ತದೆ, ನಾನೂ ಒರೆಸಿಕೊಂಡಿದ್ದೇನೆ. ಆದರೆ ಆಶ್ರಮದಿಂದ ಬಂದ ಮಗುವಿಗೆ ಅಲ್ಲಿ ಕೇಳಿಸುವುದು, ಪದಕ ಗೆದ್ದರೆ ಮನೆಯಲ್ಲಿ ಜಾಗ ಖಚಿತ ಎಂಬುದು. ನೆಂಟರು ಅವಳೆದುರಿಗೇ ನಿಮಗೆ “ಎಂಥಾ ಪುಣ್ಯದ ಕೆಲಸ ಮಾಡೀರಿ” ಎಂದಾಗ ಕೇಳಿಸುವುದೂ ಹೆಚ್ಚುಕಡಿಮೆ ಇದೇ: ತಾನೊಂದು ಋಣ. ಆ ಮಾತು ಬಂದಾಗ, “ಪುಣ್ಯ ಏನಿಲ್ಲರೀ, ನಮಗ ಮಗಳು ಬೇಕಾಗಿದ್ಳು” ಎಂದು ಅಲ್ಲೇ, ಅವಳಿಗೆ ಕೇಳಿಸುವಂತೆ ಹೇಳಿ. ಈ ಕೆಲಸವನ್ನು ಅತ್ತೆಯವರಿಗೆ ಒಪ್ಪಿಸಿದರೆ ಇನ್ನೂ ಒಳ್ಳೆಯದು. ನಮ್ಮ ಮನೆಗಳಲ್ಲಿ ಅಜ್ಜಿ ಹೇಳಿದ ಮಾತಿಗೆ ನೆಂಟರು ಎದುರಾಡುವುದಿಲ್ಲ.

ಒಂದು ಸಣ್ಣ ಸಂಗತಿಯನ್ನು ನಿಮ್ಮ ಪತಿಗಾಗಿ ಹೇಳುತ್ತೇನೆ. ಇದೇ ನಿರ್ದೇಶಕ ಟಾರೋಗ್ 1931ರ ಒಂದು ಚಿತ್ರದಲ್ಲಿ ತಮ್ಮ ಸಂಬಂಧಿಯೇ ಆದ ಬಾಲನಟ ಜ್ಯಾಕಿ ಕೂಪರ್‌ನನ್ನು ಅಳಿಸಲು, ಅವನ ನಾಯಿಯನ್ನು ಗುಂಡಿಕ್ಕಿ ಕೊಲ್ಲಿಸುವುದಾಗಿ ನಂಬಿಸಿದ್ದರು. ಕೂಪರ್ ಅರ್ಧ ಶತಮಾನದ ನಂತರ ಬರೆದ ಆತ್ಮಕಥೆಯ ಶೀರ್ಷಿಕೆಯಲ್ಲೇ ಆ ನಾಯಿ ಇದೆ. ಆ ಚಿತ್ರಕ್ಕೆ ನಿರ್ದೇಶಕರಿಗೆ ಆಸ್ಕರ್ ಬಂತು. ಪರದೆಯ ಮೇಲೆ ಮಗುವಿನ ಕಣ್ಣೀರು ಕಂಡಾಗ ನಾನು ಈಗ ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ದೀಪ, ನಿದ್ರೆ, ಸಿಟ್ಟು ಇವು ಮಾತಾಡಿದ ಮೇಲೂ ಒಂದೆರಡು ತಿಂಗಳು ಹೀಗೇ ಉಳಿದರೆ, ಊಟ ಬಿಟ್ಟರೆ, ಶಾಲೆಗೆ ಹೋಗಲು ಒಲ್ಲೆನೆಂದರೆ, ಮಕ್ಕಳ ಮನೋವೈದ್ಯರನ್ನು ಕಾಣಿ. ನಿಮಗೆ ಹತ್ತಿರದಲ್ಲೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಸಾಯುವ, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು.

ಕೊನೆಯದಾಗಿ, ಇನ್ನೊಂದು ಮಗುವಿನ ವಿಷಯ. ಕೈಬಿಡಬೇಕಿಲ್ಲ, ಆದರೆ ಈಗ ಬೇಡ. ಚಿತ್ರದಲ್ಲಿ ಆ್ಯನಾ ಒಬ್ಬಳು ನೆಲೆಯೂರುವಷ್ಟರಲ್ಲೇ ಇನ್ನೊಬ್ಬನನ್ನು ತರುತ್ತಾಳೆ, ಗಂಡ ಒಲ್ಲದ ಮನಸ್ಸಿನಿಂದ ಹಿಂಬಾಲಿಸುತ್ತಾನೆ, ನಾವು ನಗುತ್ತೇವೆ. ನಿಜಜೀವನದಲ್ಲಿ ಒಬ್ಬರ ಹುರುಪಿನಿಂದ ಬಂದ ಮಗುವಿನ ಮೊದಲ ರಂಪಕ್ಕೇ ಇನ್ನೊಬ್ಬರು ‘ನಾನು ಆಗಲೇ ಹೇಳಿದ್ದೆ’ ಎನ್ನುತ್ತಾರೆ, ಮತ್ತು ಆ ಮಾತು ಮಗುವಿನ ಕಿವಿಗೆ ಬಿದ್ದೇ ಬೀಳುತ್ತದೆ. ದಂಪತಿಗಳಿಬ್ಬರ ಒಪ್ಪಿಗೆಯನ್ನು ನಿಯಮವೂ ಕೇಳುವುದು ಬರಿಯ ಸಹಿಗಾಗಿ ಅಲ್ಲ. ಈ ಹೊತ್ತಿನಲ್ಲಿ ಹೊಸ ಮಗು ಬಂದರೆ, ತನ್ನ ಬದಲಿಗೆ ಇನ್ನೊಬ್ಬರನ್ನು ತಂದರು ಎಂಬ ಅರ್ಥವೇ ನಿಮ್ಮ ಮಗಳಿಗೆ ಮೊದಲು ಹೊಳೆಯುತ್ತದೆ. ಅವಳು ದೀಪ ಆರಿಸಿ ಮಲಗುವಂತಾಗಿ ಒಂದು ವರ್ಷ ಕಳೆಯಲಿ. ಆಮೇಲೆ ಅವಳ ಅಭಿಪ್ರಾಯ ಕೇಳಿ, ಆದರೆ ತೀರ್ಮಾನದ ಭಾರವನ್ನು ಅವಳ ತಲೆಗೆ ಹಾಕಬೇಡಿ. ಬರುವ ಮಗು ಅವಳಿಗಿಂತ ಚಿಕ್ಕದಾಗಿರಲಿ. ಮನೆಯ ಹಿರಿಯ ಮಗಳೆಂಬ ಜಾಗವನ್ನು ಅವಳಿಂದ ಕಿತ್ತುಕೊಳ್ಳಬಾರದು. ಮತ್ತು ಆ ಮಗು ಬರುವ ದಿನ ಮನೆಯಲ್ಲಿ ಯಾರೂ, ತಮಾಷೆಗೂ, ‘ಇಟ್ಟುಕೊಂಡು ನೋಡೋಣ’ ಎನ್ನದಂತೆ ಈಗಿನಿಂದಲೇ ಎಲ್ಲರಿಗೂ ಹೇಳಿಡಿ.